ಹತ್ತು ಜನದ ಮುಂದೆ ಆಡಿದ ಮಾತು

ಹೋದ ವಾರ ಬೆಳ್ಳೂರು ಕ್ರಾಸಿನಲ್ಲಿ ನನ್ನ ಬಸ್ಸು ನಿಂತಿದ್ದಾಗ, ಟೀ ಅಂಗಡಿಯ ಪಕ್ಕ ಯಾರೋ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಬಿಸಿಯಾದ ಚರ್ಮದ ವಾಸನೆ ಮೂಗಿಗೆ ಬಡಿದದ್ದೇ ತಡ, ಟಿಕೆಟ್ ಕೊಡುತ್ತಿದ್ದ ನನ್ನ ಕೈ ನಿಂತುಹೋಯಿತು. ನಾಟಕದಕ್ಕ ನೆನಪಾದರು...

ನಾನು ಚಿನಕುರಳಿಯಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವರು ತಂಡ ಕಟ್ಟಿಕೊಂಡು ಶಾಲೆಗೆ ಬರುತ್ತಿದ್ದರು. ಆಟ ಶುರುವಾಗುವ ಮುಂಚೆ ಹೀಗೇ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುತ್ತಿದ್ದರು. ಒಮ್ಮೆ ರಕ್ತಹೀನತೆ, ಒಮ್ಮೆ ಕುಡಿತ, ಒಮ್ಮೆ ಮುಟ್ಟಿನ ವಿಷಯ. ಅವರ ನಾಟಕಕ್ಕೆ ಕೊನೆಯೇ ಇರುತ್ತಿರಲಿಲ್ಲ. ಎಲ್ಲ ಕೆಡುವ ಹೊತ್ತಿಗೆ ಚಪ್ಪಾಳೆ ತಟ್ಟಿ ನಿಲ್ಲಿಸಿ, "ಈಗ ನೀವ್ ಬನ್ರವ್ವ. ಯಾರ ಪಾತ್ರ ಬೇಕಾದ್ರೂ ತಗಳಿ, ಕತೆ ತಿರುಗ್ಸಿ" ಎನ್ನುತ್ತಿದ್ದರು.

ಆ ಸಲದ್ದು ಓದು ಬಿಡಿಸಿ ಮಗಳನ್ನು ಪಕ್ಕದೂರಿನ ಗಂಡಿಗೆ ಕೊಡುವ ಕತೆ. ಅಪ್ಪನ ಪಾತ್ರ ಅಕ್ಕನದೇ. ನನ್ನ ಗೆಳತಿಯರೆಲ್ಲ ಮಗಳಾಗಿ ಹೋಗಿ "ನಂಗೆ ಮದ್ವೆ ಬ್ಯಾಡ" ಎಂದು ಕೂಗಿದರು. ಅಕ್ಕ ಒಮ್ಮೆ ಕಣ್ಣು ಬಿಟ್ಟರೆ ಸಾಕು, ಬಾಲ ಮುದುರಿಕೊಂಡು ವಾಪಸ್ಸು! ನನ್ನನ್ನೂ ಅವ್ವನ ತಮ್ಮನಿಗೆ ಕೊಡುವುದೆಂದು ಮನೆಯೊಳಗೇ ಮಾತಾಗಿತ್ತು, ಪರೀಕ್ಷೆ ಮುಗಿಯುವುದೊಂದೇ ಬಾಕಿ. ಎದ್ದುಹೋಗಿ ತಾಯಿಯ ಪಾತ್ರ ಕೇಳಿದೆ. "ಗಂಡು ನನ್ ತಮ್ಮ. ನಾನೇ ಕೊಡಕಿಲ್ಲ ಅಂತೀನಿ" ಅಂದುಬಿಟ್ಟೆ.

ನಾಟಕದಲ್ಲಿ ತಮ್ಮ ಅನ್ನುವವನೇ ಇರಲಿಲ್ಲ. ಅಕ್ಕ ನನ್ನನ್ನೇ ನೋಡಿದರು. ಆಮೇಲೆ ನಲ್ಲಿಯ ಹತ್ತಿರ ಕರೆದು "ಯಾವಾಗವ್ವ ಮದ್ವೆ?" ಎಂದರು. ಎಲ್ಲ ಹೇಳಿ ಅತ್ತುಬಿಟ್ಟೆ.

ಮುಂದಿನ ವಾರ ಅದೇ ನಾಟಕವನ್ನು ಊರವರ ಮುಂದೆ ಆಡಿದರು. ಈ ಸಲ ಗಂಡು ತಾಯಿಯ ತಮ್ಮ. ಅಕ್ಕ ನಿಲ್ಲಿಸಿ, "ತಾಯಿ ಪಾತ್ರಕ್ಕೆ ಯಾರ್ ಬತ್ತೀರಿ?" ಎಂದು ಕೇಳಿದರು. ಯಾರೂ ಮಿಸುಕಲಿಲ್ಲ. ಕೊನೆಗೆ ಎದ್ದವಳು ನಮ್ಮವ್ವ. ನಾಲ್ಕು ಜನ ಸೇರಿದ ಕಡೆ ಬಾಯಿಯೇ ಬಿಡದವಳು! ಸೆರಗು ಹೊದ್ದು, ತಲೆ ತಗ್ಗಿಸಿ, "ನನ್ ತಮ್ಮನ್ಗೆ ನಾನ್ ಯೋಳ್ಕತೀನಿ. ಎಣ್ಮಗ ಓದ್ಲಿ" ಅಂದಳು.

ಮನೆಗೆ ಬಂದು ಅಪ್ಪ ಕುದ್ದುಹೋದ. "ಲೇ, ನಾಟಕ್ದಲ್ ಆಡಿದ್ ಮಾತು ಅದು! ಅದ್ಕೇನ್ ಬೆಲೆ?"

"ನಾಟಕ್ವೋ ಗೀಟಕ್ವೋ, ಹತ್ ಜನದ್ ಮುಂದೆ ಆಡ್ಬುಟ್ಟಿವ್ನಿ."

ನಮ್ಮ ಕಡೆ ಹಾಗೆ ಆಡಿದ ಮಾತನ್ನು ನುಂಗುವಂತಿಲ್ಲ. ಅಪ್ಪನಿಗೂ ಅದು ಗೊತ್ತಿತ್ತು. ಮಾವ ಮೂರು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಾನು ಓದಿದೆ.

ಅಕ್ಕನ ತಂಡ ಬೂಕನಕೆರೆ ಕಡೆ ಹೋಯಿತು, ಮತ್ತೆ ಬರಲಿಲ್ಲ. ಅವ್ವನ ಮಾತು ಉಳಿಯಿತು ಎಂದು ಹೇಳಲು ನಾನೂ ಹುಡುಕಿಕೊಂಡು ಹೋಗಲಿಲ್ಲ. ನನ್ನ ಸೋಮಾರಿತನಕ್ಕಿಷ್ಟು... ಇವತ್ತು ನಾಳೆ ಎನ್ನುತ್ತಲೇ ವರ್ಷಗಳು ಕಳೆದವು.

ತಮಟೆ ಕಾಯಿಸುತ್ತಿದ್ದವರು ಅವತ್ತು ನನ್ನ ಬಸ್ಸನ್ನೇ ಹತ್ತಿದರು. ನೋಡಿದರೆ ಅಕ್ಕನ ತಂಡದ ತಮಟೆಯವರೇ, ತಲೆ ಪೂರ್ತಿ ನರೆತಿತ್ತು. ನಿಮ್ಮನ್ನು ಚಿನಕುರಳಿ ಶಾಲೆಯಲ್ಲಿ ನೋಡಿದ್ದೆ ಎಂದು ಹೇಳಿ, ಅಕ್ಕ ಹೇಗಿದ್ದಾರೆ ಎಂದು ಕೇಳಿದೆ.

"ಓದ ವರ್ಸ ತೀರ್ಕಂಡ್ರು ಕಣವ್ವ" ಎಂದರು. ಟಿಕೆಟ್ ಜೇಬಿಗಿಟ್ಟುಕೊಂಡು ಅವರೇ, "ಚಿನಕುರಳೀಲಿ ಒಂದ್ ಎಣ್ಮಗ ಇತ್ತು. ಅದ್ಕೆ ಮದ್ವೆ ಮಾಡ್ಬುಟ್ರೋ ಏನೋ ಅಂತ ಕೊನೇಗಂಟ ಕೇಳೋರು" ಎಂದರು.

"ಮಾಡ್ನಿಲ್ಲ ಕಣಣ್ಣ" ಎಂದೆ. ಕೇಳಬೇಕಾದವರೇ ಇರಲಿಲ್ಲ.