ಹಗೇವಿನ ಮೇಲಿನ ಕೋಣೆ

ಮಿರಜಿನ ನಮ್ಮ ಮನೆಯಲ್ಲಿ ಹಿಂದಿನ ಕೋಣೆಯ ನೆಲದಡಿ ಒಂದು ಹಗೇವು ಇದೆ. ಜೋಳ ತುಂಬಿಡಲು ಅಜ್ಜ ತೋಡಿಸಿದ್ದು. ಈಗ ಅದರಲ್ಲಿ ಕತ್ತಲೆ ಬಿಟ್ಟರೆ ಬೇರೇನೂ ಇಲ್ಲ. ಬಾಯಿಗೆ ಒಂದು ಕಲ್ಲು ಮುಚ್ಚಿದೆ. ಆ ಕಲ್ಲಿನ ಪಕ್ಕದಲ್ಲೇ ನನ್ನ ಹೆಂಡತಿಯ ಹೊಲಿಗೆ ಮಷಿನ್. ಬೇಸಿಗೆಯಲ್ಲಿ ತಂಪು, ಯಾರ ಕಾಟವೂ ಇಲ್ಲ ಎಂದು ಮದುವೆಯಾದ ಹೊಸದರಲ್ಲೇ ಅವಳು ಹಿಡಿದ ಜಾಗ ಅದು. ಓಣಿಯ ಹೆಣ್ಣುಮಕ್ಕಳ ಕುಪ್ಪಸಗಳೆಲ್ಲ ಅಲ್ಲೇ ತಯಾರಾದವು.

ಕಳೆದ ವರ್ಷ ಅವಳ ಶ್ವಾಸಕೋಶದಲ್ಲಿ ಗಂಟು ಕಂಡಿತು. ಕ್ಯಾನ್ಸರ್ ಎಂದರು; ಒಂದು ಭಾಗ ಕತ್ತರಿಸಿ ತೆಗೆದರು. ತಂಬಾಕು ಮುಟ್ಟದವಳಿಗೆ ಇದು ಹೇಗೆ ಬಂತು ಎಂದು ನಾನು ಡಾಕ್ಟರರ ಬೆನ್ನು ಬಿಡಲಿಲ್ಲ. ಕಾರಣಗಳು ಹಲವು ಎನ್ನುತ್ತ ಅವರು ರೇಡಾನ್ ಎಂಬ ಹೆಸರನ್ನೂ ಹೇಳಿದರು. ನೆಲದೊಳಗಿಂದ ಏಳುವ ಅನಿಲ; ಬಣ್ಣವಿಲ್ಲ, ವಾಸನೆಯಿಲ್ಲ; ಮುಚ್ಚಿದ ಕೋಣೆಯಲ್ಲಿ ಸೇರಿಕೊಂಡರೆ, ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಕುತ್ತು. ಅಷ್ಟು ಹೇಳಿ ಅವರು ಮುಂದಿನ ರೋಗಿಯ ಕಡೆ ತಿರುಗಿದರು. ನನ್ನ ಕಣ್ಣ ಮುಂದೆ ಮಾತ್ರ ಹಗೇವು ಬಂದು ಕೂತಿತು.

ಆಸ್ಪತ್ರೆಯಿಂದ ಮನೆಗೆ ಬಂದ ಸ್ವಲ್ಪ ದಿನಕ್ಕೇ ಅವಳು ತನ್ನ ಹೊಲಿಗೆಯ ಕೋಣೆಯ ಬಗ್ಗೆ ಕೇಳತೊಡಗಿದಳು: "ನನ್ನ ಕೋಲ್ಯಾಗ ಯಾವಾಗಿಂದ ಕುಂದ್ರಲ್ರಿ?"

"ತಡಿ" ಎನ್ನುತ್ತಿದ್ದೆ. ಎಷ್ಟಂತ ತಡಿ ಎನ್ನಲಿ? ನನ್ನದು ಅರಿಷಿಣದ ವ್ಯಾಪಾರ; ಸಾಂಗಲಿಯ ಪೇಟೆಯಲ್ಲಿ ಸವಾಲು ಕೂಗಿ ಹರಾಜು ನಡೆದಾಗಲೂ ನನ್ನ ಮನಸ್ಸು ನೆಲದಡಿಯೇ. ಬಾಲ ಸುಟ್ಟ ಬೆಕ್ಕಿನ ಹಾಗೆ ಅಂಗಡಿಗೂ ಮನೆಗೂ ತಿರುಗಿದೆ.

ನನ್ನ ಅನುಮಾನಕ್ಕೆ ಅವ್ವನ ಹತ್ತಿರ ಉತ್ತರ ಸಿದ್ಧವಿತ್ತು. ಹಗೇವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವುದು ನಮ್ಮವರ ರೂಢಿ. "ದೀಪಾ ಇಳಿಸಿ ನೋಡೋ. ಆರಿತಂದ್ರ ಗಾಳಿ ಕೆಟ್ಟೈತಿ ಅಂತ ತಿಳಿ. ಇಲ್ಲಂದ್ರ ಚಲೋ ಐತಿ." ಕಲ್ಲು ಸರಿಸಿ ಕಂದೀಲು ಇಳಿಸಿದೆ. ನೆಟ್ಟಗೆ ಉರಿಯಿತು. ಅವ್ವ ಗೆದ್ದವರ ಮುಖ ಮಾಡಿದಳು. ನನ್ನ ಜೀವವೂ ಹಗುರಾಯಿತು. ಹೆಂಡತಿಗೆ "ನಾಳಿಂದ ಕುಂದ್ರು" ಎಂದೂ ಹೇಳಿಬಿಟ್ಟೆ.

ಅದೇ ಸಂಜೆ ಅವಳ ತಮ್ಮ ಬಂದ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ; ಅಕ್ಕನ ಗಂಡನೆಂದು ನನ್ನನ್ನು ದಾಜಿ ಎನ್ನುತ್ತಾನೆ. ಕಂದೀಲಿನ ಕತೆ ಕೇಳಿ ಹಣೆ ಚಚ್ಚಿಕೊಂಡ. "ದಾಜಿ, ದೀಪಾ ಆರೂದು ಆಕ್ಸಿಜನ್ ಕಡಿಮಿ ಆದ್ರ. ರೇಡಾನ್ ದೀಪಕ್ಕ ಏನೂ ಮಾಡೂದಿಲ್ರಿ. ಮೀಟರ್ ಇಟ್ಟು ಅಳೀಬೇಕು."

ಮರುದಿನ ಅಂಗೈಯಷ್ಟಗಲದ ಮೀಟರ್ ತಂದುಕೊಟ್ಟ. ಕಿಟಕಿ ಬಾಗಿಲು ಮುಚ್ಚಿ, ಸ್ಟೂಲಿನ ಮೇಲಿಟ್ಟು ಕಾಯಬೇಕು; ಒಂದು ದಿನದ ಅಂಕಿ ನಂಬಬಾರದು. ಕಾಯುವುದು! ನನಗೆ ಅದೊಂದೇ ಬಾರದು. ನೀರು ಕುಡಿಯಲು ಎದ್ದರೂ ಬಾಗಿಲು ತೆರೆದು ಇಣುಕುತ್ತಿದ್ದೆ. ಹೀಗಾದರೆ ಅಳತೆ ಕೆಡುತ್ತದೆ ಎಂದು ಭಾಮೈದ ಬೀಗ ಜಡಿದು, ಕೀಲಿಯನ್ನು ಅಕ್ಕನ ಕೈಗೆ ಕೊಟ್ಟು ಹೋದ.

ಅಂಕಿ ಇರಬೇಕಾದ್ದಕ್ಕಿಂತ ಹೆಚ್ಚೇ ಬಂತು. ಹಗೇವಿನ ಬಾಯಿಯನ್ನೂ ನೆಲದ ಶಹಾಬಾದಿ ಕಲ್ಲುಗಳ ಸಂದುಗಳನ್ನೂ ಗಾಳಿಯಾಡದಂತೆ ಮುಚ್ಚಿಸಿದೆ. ಹಗೇವಿನಿಂದ ಮಾಳಿಗೆಯ ಮೇಲಿನವರೆಗೆ ಒಂದು ಪೈಪು ಏರಿಸಿ, ಒಳಗಿನ ಗಾಳಿಯನ್ನು ಹೊರಗೆಳೆಯುವ ಫ್ಯಾನ್ ಕೂರಿಸಿದೆವು. ಮತ್ತೆ ಅಳೆದಾಗ ಅಂಕಿ ಇಳಿದಿತ್ತು. ಅವಳು ಮಷಿನ್ ಮೇಲಿನ ಧೂಳು ಒರೆಸಿ ಕೂತಳು. ನನಗೆ ಆಗಲೂ ಸಮಾಧಾನವಿಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ಅವಳನ್ನು, ಒಮ್ಮೆ ಮೀಟರನ್ನು ನೋಡುತ್ತಿದ್ದೆ.

"ಇದರಿಂದನ ಬಂತೇನ್ರಿ ನನಗ?" ಎಂದಳು, ತಲೆ ಎತ್ತದೆ.

"ಹಂಗಂತ ಹೇಳಾಕ ಯಾರಿಗೂ ಬರೂದಿಲ್ಲ."

ಅವಳು ಪಕ್ಕದ ಗೋಡೆಯತ್ತ ನೋಡಿದಳು. ಆಚೆ ನಮ್ಮ ಮಗಳ ಕೋಣೆ. ಹುಟ್ಟಿದಾಗಿನಿಂದ ಅವಳು ಮಲಗುವುದು ಅಲ್ಲೇ. ಹಗೇವಿನ ಹೊಟ್ಟೆ ಆ ಕಡೆಗೂ ಚಾಚಿದೆ ಎಂಬುದು ನನಗೆ ಗೊತ್ತಿತ್ತು. ಪೈಪು ಹಾಕಿದ ಮೇಲೆ ಅಲ್ಲೂ ಇಳಿದಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಳೆದು ನೋಡುವ ಮಾತು ಬಾಯಿಗೆ ಬಂದಾಗಲೆಲ್ಲ ನುಂಗಿದ್ದೆ. ಹೆದರಿಕೆ, ಬೇರೇನಲ್ಲ.

"ನನಗ ಆದದ್ದು ಆತು. ಇದನ್ನ ಅಕೀ ಕೋಲ್ಯಾಗ ಇಡ್ರಿ."

ನನ್ನ ಕೈ ಏಳಲಿಲ್ಲ. ಅವಳೇ ಎದ್ದು, ಹೊಲಿಗೆ ಹಾಕಿದ್ದ ಪಕ್ಕೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದರಲ್ಲಿ ಮೀಟರ್ ತೆಗೆದುಕೊಂಡು ಮಗಳ ಕೋಣೆಗೆ ಹೋದಳು.