ಕುರಸಾವೊ ಮದುವೆಗೆ ಹೊರಟವರ ಪೆಟ್ಟಿಗೆಗಳು

ನಮ್ಮ ಕಡಲೂರು ಸಬಾನಾ ದೆ ಲಾ ಮಾರ್‌ನ ದೋಣಿಕಟ್ಟೆಯಲ್ಲಿ ಮೀನು ಹುರಿದು ಮಾರುವ ಒನೋರಿನಾ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಬೆಸ್ತರು ಈಗ ತಾನೇ ಹಿಡಿದದ್ದೆಂದು ಆಣೆ ಹಾಕಿದರೂ ಮೀನಿನ ಕಿವಿರು ಎತ್ತಿ ನೋಡುತ್ತಾಳೆ, ಮೂಸುತ್ತಾಳೆ, ಆಮೇಲೆ ಬೆಸ್ತನ ಮುಖವನ್ನೂ ಒಂದು ಗಳಿಗೆ ನೋಡುತ್ತಾಳೆ. ಪಾದ್ರಿ ಸ್ವರ್ಗದ ಮಾತೆತ್ತಿದ ಒಂದು ಭಾನುವಾರ ನನ್ನ ಕಿವಿಯಲ್ಲಿ "ಹೋಗಿ ಬಂದೋರು ಯಾರಾದ್ರೂ ಇದಾರೇನೇ?" ಎಂದು ಪಿಸುಗುಟ್ಟಿದ್ದಳು. ನಾನು ಅವಳ ಪಕ್ಕದ ಮನೆಯವಳು. ನಮ್ಮಿಬ್ಬರ ಅಂಗಳಕ್ಕೂ ಸೇರಿ ಒಂದೇ ಬಾದಾಮಿ ಮರ.

ಹರೆಯದಲ್ಲಿ ಅವಳು ಕುರಸಾವೊ ದ್ವೀಪಕ್ಕೆ ಹೋಗಿ ಮನೆಗೆಲಸ ಮಾಡಿಕೊಂಡಿದ್ದು ಬಂದವಳು. ಅವಳ ಅಣ್ಣನ ಮಗಳು ಯಾನಿರಿಸ್ ಈಗ ಅಲ್ಲಿಯೇ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿಯೇ ಹುಡುಗನನ್ನು ಮೆಚ್ಚಿಕೊಂಡು ಮದುವೆಗೆ ಬನ್ನಿ ಎಂದು ನಮ್ಮನ್ನೆಲ್ಲ ಕರೆದಳು. ವೀಸಾ ಸಿಕ್ಕಿತು. ನಮ್ಮಲ್ಲಿ ಬಹುತೇಕರು ವಿಮಾನವನ್ನು ಆಕಾಶದಲ್ಲಿ ಮಾತ್ರ ಕಂಡವರು. ಹಾಗಾಗಿ ಮೀನಿನ ಬಾಣಲೆ ಇಳಿಸಿದ ಮೇಲೆ ಸಂಜೆಗಳಲ್ಲಿ ಒನೋರಿನಾ ಬಾದಾಮಿ ಮರದ ಕೆಳಗೆ ನಮ್ಮನ್ನು ಕೂರಿಸಿಕೊಂಡು ಪಾಠ ಶುರುಮಾಡಿದಳು.

"ಅಧಿಕಾರಿ ಕೇಳಿದ್ದಕ್ಕಷ್ಟೇ ಉತ್ತರ. ಯಾಕೆ ಬಂದ್ರಿ ಅಂದ್ರೆ ಮದುವೆಗೆ ಅನ್ನಿ. ಹುಡುಗಿ ಹೆಂಗಿದಾಳೆ, ಅಡುಗೆ ಏನು ಅಂತ ಪುರಾಣ ಬಿಚ್ಚಬೇಡಿ. ಬಿಯೆನ್ವೆ, ನಿಂಗೇ ಹೇಳ್ತಿರೋದು."

ಬಿಯೆನ್ವೆ ನನ್ನ ಗಂಡ. "ನಾನು ಬಾಯಿ ಹೊಲಿಸ್ಕೊಂಡೇ ಬರ್ತೀನಿ ತಾಯೀ," ಎಂದ.

"ಪಾಸ್‌ಪೋರ್ಟು ಒಳಉಡುಪಿನ ಚೀಲದಲ್ಲಿರಲಿ. ವಿಮಾನದಲ್ಲಿ ಚಳಿ, ಕಾಲುಚೀಲ ಹಾಕ್ಕೊಳ್ಳಿ. ಮಾವಿನಹಣ್ಣು, ಗಿಣ್ಣು ತರಬೇಡಿ, ಕಿತ್ಕೊಂಡು ಬಿಸಾಕ್ತಾರೆ. ಅಲ್ಲಿ ಸೇತುವೆ ನೀರಿನ ಮೇಲೆ ತೇಲುತ್ತೆ. ನೀವು ಮೇಲಿರೋವಾಗ್ಲೇ ಹಡಗಿಗೆ ದಾರಿ ಬಿಡೋಕೆ ತೆರ್ಕೊಂಡ್ರೆ ಕಂಬಿ ಹಿಡ್ಕೊಂಡು ಸುಮ್ನೆ ನಿಂತ್ಕೊಳ್ಳಿ, ಹಾರಬೇಡಿ. ಎಲ್ರನ್ನೂ 'ದೂಷಿ' ಅಂತಾರೆ. ಅಂದ್ರೆ ಮುದ್ದು ಅಂತ. ಮುದ್ದು ಅಂದಿದ್ದಕ್ಕೇ ಕರಗಿ ಅವರ ಟ್ಯಾಕ್ಸಿ ಹತ್ತಬೇಡಿ. ಮೊದ್ಲು ದುಡ್ಡು ಮಾತಾಡಿ."

ಇವೆಲ್ಲ ಹೇಳುವಾಗ ಅವಳ ದನಿಯಲ್ಲಿ ಒಂದಿಷ್ಟು ಗಮ್ಮತ್ತಿರುತ್ತಿತ್ತು. ಕೊನೆಯ ಮಾತಿಗೆ ಮಾತ್ರ ಇರುತ್ತಿರಲಿಲ್ಲ. "ಇನ್ನೊಬ್ಬರ ಪೊಟ್ಟಣ ಮುಟ್ಟಬೇಡಿ. ಹೆತ್ತ ತಾಯಿ ಕೊಟ್ರೂ ಬಿಚ್ಚಿ ನೋಡಿ." ಕುರಸಾವೊದಲ್ಲಿ ಅವಳ ಜೊತೆ ಒಂದೇ ಕೋಣೆಯಲ್ಲಿದ್ದ ನೆಲಿದಾ ಎಂಬ ಹುಡುಗಿ, ಯಾರೋ ಪರಿಚಯದವರ ಚಪ್ಪಲಿ ಗಂಟನ್ನು ಊರಿಗೆ ತಲುಪಿಸಲು ಒಪ್ಪಿಕೊಂಡಿದ್ದಳಂತೆ; ಅಟ್ಟೆಯೊಳಗೆ ಮಾದಕ ಪುಡಿ ತುಂಬಿತ್ತಂತೆ. ಬೀಳ್ಕೊಡಲು ವಿಮಾನ ನಿಲ್ದಾಣಕ್ಕೆ ಹೋಗಿದ್ದ ಒನೋರಿನಾ, ಗಾಜಿನ ಆಚೆ ಪೊಲೀಸರು ಅವಳನ್ನು ಎಳೆದುಕೊಂಡು ಹೋದದ್ದನ್ನು ಕಂಡಳು. ಅವಳ ಮುಖ ಮತ್ತೆ ನೋಡಲು ಸಿಗಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಫೌಸ್ತೋ ಬಂದ. ಮದುಮಗನ ಚಿಕ್ಕಪ್ಪನ ಮಗ, ರಾಜಧಾನಿಯವನು. ನಮ್ಮನ್ನು ತನ್ನ ವ್ಯಾನಿನಲ್ಲಿ ವಿಮಾನ ನಿಲ್ದಾಣಕ್ಕೆ ಕರೆದೊಯ್ದು, ತಾನೂ ಜೊತೆಗೆ ಹಾರುವವನಿದ್ದ. ಇಸ್ತ್ರಿ ಮುರಿಯದ ಅಂಗಿ, ಮುದುಕಿಯರಿಗೆಲ್ಲ ಕುರ್ಚಿ ಎಳೆದು ಕೊಡುವ ವಿನಯ. ಕಾಫಿ ಕುಡಿದಿಟ್ಟು, "ಯಾರ ಪೆಟ್ಟಿಗೇಲಾದ್ರೂ ಸ್ವಲ್ಪ ಜಾಗ ಇದ್ಯಾ? ನಂದೊಂದು ಡಬ್ಬ ಹಿಡಿಸ್ತಿಲ್ಲ," ಎಂದ.

ಒನೋರಿನಾ ನನ್ನ ಮೊಣಕೈ ಹಿಂಡಿದಳು. "ಕೇಳಿದ್ಯಾ?"

"ಪಾಪ, ಒಳ್ಳೆ ಹುಡುಗ ಕಣೇ."

"ಗಾಳಕ್ಕೆ ಸಿಕ್ಕಿಸೋದು ಒಳ್ಳೆ ಸಿಗಡೀನೇ," ಎಂದವಳು ಎದ್ದು ನಿಂತಳು. ಎಲ್ಲರ ಪೆಟ್ಟಿಗೆಯೂ ಮರದಡಿಗೆ ಬರಬೇಕು, ಅವಳ ಕಣ್ಣೆದುರು ತೆರೆಯಬೇಕು, ಇಲ್ಲದಿದ್ದರೆ ತಾನು ವ್ಯಾನು ಹತ್ತುವುದಿಲ್ಲ ಎಂದಳು. ಗೊಣಗುತ್ತ ತೆರೆದೆವು. ನನ್ನ ಗಂಡನ ಅಂಗಿಗಳ ನಡುವಿನಿಂದ ರಮ್ಮಿನ ಸೀಸೆ ಹೊರಬಂತು. ನನ್ನ ಓರಗಿತ್ತಿಯ ಪೆಟ್ಟಿಗೆಯಲ್ಲಿ, ಅಷ್ಟು ಪಾಠವಾದ ಮೇಲೂ, ಮಾವಿನಹಣ್ಣು. ಅಕ್ಕಪಕ್ಕದವರು ಬೇಲಿಗೆ ಆತು ನಿಂತು ನೋಡುತ್ತಿದ್ದರು.

ಫೌಸ್ತೋ ತನ್ನ ಡಬ್ಬದ ಮೇಲೆ ಕೈಯಿಟ್ಟುಕೊಂಡಿದ್ದ. "ಇದು ನನ್ನ ಅಣ್ಣಂದು. ಎಲ್ಲರೆದುರು ತೆರೆಯೋ ಹಾಗಿಲ್ಲ ದೋನ್ಯಾ," ಎಂದ, ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲಿ.

"ಹಾಗಾದ್ರೆ ಪೊಲೀಸಿನವರೆದುರು ತೆರೀತೀಯಾ? ಈ ಬಡವರ ತಲೆಗೆ ಕಟ್ಟಿ ನೀನು ನುಣುಚ್ಕೊಳ್ಳೋಕೇ ತಾನೇ ಇಷ್ಟೆಲ್ಲ ನಯ?"

ಅವನ ಮುಖ ಕೆಂಪೇರಿತು. ಮುಚ್ಚಳ ಎತ್ತಿದ. ಒಳಗೆ ಮದುಮಗನ ಹೊಳೆಯುವ ಶೂಗಳು. ಅದರಡಿ ಮಡಚಿಟ್ಟ ಅಗಲವಾದ ರಬ್ಬರು ಪಟ್ಟಿ, ಗಂಡಸರು ಹೊಟ್ಟೆ ಬಿಗಿದುಕೊಳ್ಳುವಂಥದ್ದು. ಬೇಲಿಯಾಚೆಯವರೂ ಸೇರಿ ನಕ್ಕರು. ಒನೋರಿನಾ ಶೂಗಳ ಒಳಗೂ ಕೈಹಾಕಿ ನೋಡಿದಳು. ಏನೂ ಇರಲಿಲ್ಲ.

"ಆಯ್ತಾ?" ಎಂದ ಫೌಸ್ತೋ. "ಈಗ ನಿಮ್ಮದು."

"ನಂದು ನಾನೇ ಕಟ್ಟಿದ್ದು."

"ಇವರೂ ಅವರವರದ್ದು ಅವರವರೇ ಕಟ್ಟಿದ್ದು."

ನ್ಯಾಯದ ಮಾತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಬೇಕಂತಲೇ ನಿಧಾನವಾಗಿ ಚಿಲಕ ತೆಗೆದಳು. ಮದುವೆಗೆಂದು ಹೊಲಿಸಿದ ಉಡುಪು, ಬೀಸಣಿಗೆ, ಕಾಲುಚೀಲ, ಬಟ್ಟೆಗಳ ಮಧ್ಯೆ ಸುತ್ತಲೂ ಅಂಟುಪಟ್ಟಿ ಬಿಗಿದ ಒಂದು ತಗಡಿನ ಡಬ್ಬಿ.

"ಎಮೆತೇರಿಯಾ ಕಳಿಸಿದ ಕೊಬ್ಬರಿ ಮಿಠಾಯಿ, ಯಾನಿರಿಸ್‌ಗೆ," ಎಂದಳು. "ಇದನ್ನ ತೆಗೆಯೋ ಮಾತೇ ಇಲ್ಲ."

ಎಮೆತೇರಿಯಾ ದೋಣಿಕಟ್ಟೆಯಲ್ಲಿ ಅವಳ ಪಕ್ಕದಲ್ಲೇ ಕೂತು ಮಿಠಾಯಿ ಮಾರುವವಳು. ಹುಡುಗಿಯರಾಗಿದ್ದಾಗಿನ ಗೆಳತಿ. ತಾಯಿಯಿಲ್ಲದ ಯಾನಿರಿಸ್‌ಳನ್ನು ಇಬ್ಬರೂ ಸೇರಿಯೇ ಬೆಳೆಸಿದ್ದರು. ಕಾಲುನೋವೆಂದು ಅವಳು ಮದುವೆಗೆ ಹೊರಟಿರಲಿಲ್ಲ. ಹಿಂದಿನ ದಿನ ಅವಳ ಮಗ ಎದಿಸೋನ್ ಈ ಡಬ್ಬಿ ತಂದುಕೊಟ್ಟಿದ್ದ.

ಬಿಯೆನ್ವೆ ಡಬ್ಬಿ ಎತ್ತಿ ಕೈಯಲ್ಲಿ ತೂಗಿದ. "ಮಿಠಾಯಿ ಇಷ್ಟೊಂದು ಭಾರ ಇರುತ್ತಾ?"

ಅವನಿಂದ ಡಬ್ಬಿ ಕಸಿದುಕೊಂಡು ಒನೋರಿನಾ ಮೀನಿನ ಚೂರಿಯಿಂದ ಪಟ್ಟಿ ಸೀಳಿದಳು. ಮೇಲೊಂದು ಸಾಲು ಮಿಠಾಯಿ. ಅದರಡಿ ಕಾಗದ. ಕಾಗದದಡಿ ಕಪ್ಪು ಪ್ಲಾಸ್ಟಿಕ್ಕು ಸುತ್ತಿ ಇಟ್ಟಿಗೆಯಂತೆ ಒತ್ತಿದ ಪೊಟ್ಟಣ. ಚೂರಿಯ ಮೊನೆ ತಾಗಿದಲ್ಲಿ ಬಿಳಿ ಪುಡಿ ಕಂಡಿತು. ಅದೇನೆಂದು ಯಾರೂ ಕೇಳಲಿಲ್ಲ. ಫೌಸ್ತೋ ಶಿಲುಬೆ ಗುರುತು ಮಾಡಿಕೊಂಡ.

ಅವಳು ಡಬ್ಬಿಯನ್ನು ಏಪ್ರನ್ನಿನಡಿ ಮುಚ್ಚಿಕೊಂಡು ಎಮೆತೇರಿಯಾಳ ಮನೆಗೆ ನಡೆದಳು. ನಾನೂ ಹಿಂದೆಯೇ ಹೋದೆ. ಎಮೆತೇರಿಯಾ ಹಿತ್ತಲಲ್ಲಿ ಕಾಯಿ ತುರಿಯುತ್ತಿದ್ದಳು.

"ಡಬ್ಬಿಗೆ ಎಷ್ಟು ಮಿಠಾಯಿ ತುಂಬಿಸಿದ್ದೆ?" ಎಂದು ಕೇಳಿದಳು ಒನೋರಿನಾ.

"ಬಾಯಿತನಕ. ಯಾಕೆ, ಇನ್ನೂ ಹೊರಡಲಿಲ್ವಾ?"

ಒನೋರಿನಾ ಡಬ್ಬಿಯನ್ನು ಅವಳ ಮುಂದಿಟ್ಟಳು. ತುರಿಯುವ ಕೈ ನಿಂತಿತು. "ಪಟ್ಟಿ ಸುತ್ತಿದ್ದು ಎದಿಸೋನ್. ನಂಗೇನೂ ಗೊತ್ತಿಲ್ಲ ಕಣೇ, ಆ ತಾಯಿ ಮರಿಯಾಳ ಆಣೆ."

ಒನೋರಿನಾ ಡಬ್ಬಿ ಎತ್ತಿಕೊಂಡು ಹಿತ್ತಲ ಪಾಯಿಖಾನೆಯತ್ತ ತಿರುಗಿದಳು. ಎಮೆತೇರಿಯಾ ನೋಯುವ ಕಾಲಿನಲ್ಲೇ ಎದ್ದು ಅವಳ ತೋಳು ಹಿಡಿದಳು. "ಸುರೀಬೇಡ. ಅವರು ಅವನನ್ನ ಕೊಂದುಹಾಕ್ತಾರೆ."

"ಯಾರು?"

ಎಮೆತೇರಿಯಾ ಹಿಡಿದ ತೋಳು ಬಿಟ್ಟಳು.

"ಏನೂ ಗೊತ್ತಿಲ್ಲ ಅಂದ್ಯಲ್ಲ, 'ಅವರು' ಯಾರು?"

ಆಗ ಒನೋರಿನಾ ಗೆಳತಿಯ ಮುಖವನ್ನು ನೋಡಿದ ರೀತಿ ನನಗೆ ಗೊತ್ತಿತ್ತು. ಬೆಸ್ತರನ್ನು ನೋಡುತ್ತಿದ್ದುದು ಹಾಗೆಯೇ. ಪೊಟ್ಟಣ ಸೀಳಿ ಗುಂಡಿಗೆ ಸುರಿದಳು. ಬಕೆಟ್ಟಿನ ಮೇಲೆ ಬಕೆಟ್ಟು ನೀರು ಹೊಯ್ದಳು. ಪೊಲೀಸರಿಗೆ ಹೇಳೋಣವೇ ಎಂದು ನಾನು ಕೇಳಿದ್ದಕ್ಕೆ, "ಎದಿಸೋನ್ ಜೊತೆ ದಿನಾ ಡಾಮಿನೋ ಆಡೋ ಪೊಲೀಸಿನವನಿಗೇ ಹೋಗಿ ಹೇಳ್ತೀಯಾ?" ಎಂದಳು.

ವ್ಯಾನಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು. ಹಾತೋ ಮಯೋರ್ ಊರು ದಾಟಿದ ಮೇಲೆ ಫೌಸ್ತೋಗೆ, "ಶೂ ಚೆನ್ನಾಗಿವೆ," ಎಂದಳು. ಅದೇ ಅವಳ ಕ್ಷಮಾಪಣೆ ಎಂದು ಅವನಿಗೂ ತಿಳಿಯಿತು. "ಹೊಟ್ಟೆಪಟ್ಟಿ ಸುದ್ದಿ ಮದುವೆಮನೇಲಿ ಎತ್ತಬೇಡಿ ದೋನ್ಯಾ, ಅಣ್ಣ ನನ್ನನ್ನ ಸಿಗಿದುಹಾಕ್ತಾನೆ," ಎಂದ.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನಮ್ಮೆಲ್ಲರಲ್ಲಿ ಅವಳೊಬ್ಬಳ ಪೆಟ್ಟಿಗೆಯನ್ನೇ ಪಕ್ಕಕ್ಕೆ ಎಳೆದು ಪೂರ್ತಿ ಬಿಚ್ಚಿಸಿದ. ಅವಳು ಕೈಕಟ್ಟಿ ನಿಂತು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು.

ಮದುವೆ ಚೆನ್ನಾಗಿಯೇ ಆಯಿತು. ಗಾಳಿಗೆ ಯಾನಿರಿಸ್‌ಳ ಮುಸುಕು ಹಾರಿ ಪಾದ್ರಿಯ ತಲೆಯ ಮೇಲೆ ಕೂತು ಎಲ್ಲರೂ ನಕ್ಕರು. ಊಟದ ಹೊತ್ತಿಗೆ ಹುಡುಗಿ ಬಂದು, "ಎಮೆತೇರಿಯಾ ಅತ್ತೆ ಏನೂ ಕಳಿಸಲಿಲ್ವಾ?" ಎಂದು ಕೇಳಿದಳು.

"ಕಾಲುನೋವು ಜಾಸ್ತಿ ಕಣಮ್ಮಾ. ಮಿಠಾಯಿ ಮಾಡೋಕಾಗಲಿಲ್ಲ ಅಂತ ಅತ್ತಳು," ಎಂದಳು ಒನೋರಿನಾ. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾವು ಮರಳುವಷ್ಟರಲ್ಲಿ ಎದಿಸೋನ್ ಊರು ಬಿಟ್ಟಿದ್ದ. ಕೆಲವು ದಿನಗಳಲ್ಲಿ ಗುರುತಿಲ್ಲದ ಇಬ್ಬರು ಮೋಟಾರು ಬೈಕಿನಲ್ಲಿ ದೋಣಿಕಟ್ಟೆಗೆ ಬಂದು ಎಮೆತೇರಿಯಾಳ ಮುಂದೆ ನಿಂತರು. ಒನೋರಿನಾ ಬಾಣಲೆಯ ಹಿಂದಿನಿಂದಲೇ, "ಆ ಡಬ್ಬಿ ಇದ್ದದ್ದು ನನ್ನ ಪೆಟ್ಟಿಗೇಲಿ. ಸುರಿದದ್ದೂ ನಾನೇ. ಕೇಳೋದಿದ್ರೆ ನನ್ನ ಕೇಳಿ," ಎಂದಳು. ಸುತ್ತ ಮೀನು ಸೀಳುತ್ತಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದು, ಚೂರಿ ಕೈಯಲ್ಲಿದ್ದಂತೆಯೇ ಅವಳ ಹಿಂದೆ ಬಂದು ನಿಂತರು. ಬಂದವರು ಎಲ್ಲರ ಮುಖಗಳನ್ನೂ ನೋಡಿಕೊಂಡು ಹೊರಟುಹೋದರು. ಬಹಳ ದಿನ ನಾವು ಬೈಕಿನ ಸದ್ದಾದರೆ ಬೆಚ್ಚುತ್ತಿದ್ದೆವು. ಅವರು ಮತ್ತೆ ಬರಲಿಲ್ಲ.

ಎಮೆತೇರಿಯಾಳಿಗೆ ನಿಜವಾಗಿ ಎಷ್ಟು ತಿಳಿದಿತ್ತೋ, ಒನೋರಿನಾ ಮತ್ತೆ ಕೇಳಲಿಲ್ಲ. ನಾನು ಕೆದಕಿದರೆ ಬೆಂಕಿಗೆ ಕಟ್ಟಿಗೆ ನೂಕುವ ನೆಪ ಮಾಡಿ ಬಗ್ಗುತ್ತಾಳೆ. ಈಗ ಎಮೆತೇರಿಯಾ ಕಾಲು ಪೂರ್ತಿ ಸೋತು ಮನೆ ಹಿಡಿದಿದ್ದಾಳೆ. ಒನೋರಿನಾ ದಿನವೂ ಸಂಜೆ ಅವಳಿಗೆ ಹುರಿದ ಮೀನು, ಬೇಯಿಸಿದ ಬಾಳೆಕಾಯಿ ಒಯ್ದು ಕೊಟ್ಟು, ಅವಳು ಉಂಡು ಮುಗಿಸುವವರೆಗೆ ಎದುರಿಗೆ ಕೂತಿರುತ್ತಾಳೆ. ಊರಿನ ಸುದ್ದಿಯೆಲ್ಲ ಹೇಳುತ್ತಾಳೆ. ಆ ಮನೆಯಲ್ಲಿ ಕಾಫಿ ಕೊಟ್ಟರೆ ಮಾತ್ರ, ಈಗಷ್ಟೇ ಕುಡಿದು ಬಂದೆ ಎನ್ನುತ್ತಾಳೆ.