ಕೋವಿ ಇಳಿಸಿದ ಗೋಡೆ

ಮೊನ್ನೆ ಮುಸ್ಸಂಜೆ ಕೆಳಗಿನ ಗದ್ದೆಯಲ್ಲಿ ಯಾರೋ ಗುಂಡು ಹಾರಿಸಿದರು. ಬಲಿತು ನಿಂತ ಭತ್ತಕ್ಕೆ ಕಾಡುಹಂದಿ ಇಳಿಯುವ ಕಾಲ. ಸದ್ದಿಗೆ ನಾನೇನೂ ಬೆಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಮದ್ದಿನ ವಾಸನೆ ಬಂತು ನೋಡಿ, ಆಗ ಕೈಯಲ್ಲಿದ್ದ ಕಾದಂಬರಿ ತಾನಾಗಿ ಮುಚ್ಚಿಕೊಂಡಿತು. ತಾನಾಗಿ ಎಂದೆನೆ? ಎದುರುಮನೆಯ ಮೇಷ್ಟ್ರಾಗಿದ್ದರೆ ಈ ಮಾತನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ತಾನಾಗಿ ಮುಚ್ಚಿತಾ, ನೀನು ಮುಚ್ಚಿದ್ಯಾ? ಮೊದಲು ಅದು ಹೇಳು ಮಾರಾಯ್ತಿ..."

ಮಾದಾಪುರದ ಆಚೆ ನಮ್ಮ ಮನೆ, ರಸ್ತೆ ದಾಟಿದರೆ ಅವರದು. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ಮುಂಗೋಣೆಯ ಗೋಡೆಯಲ್ಲಿ ಕೋವಿ ಇಡುವ ಎರಡು ಮರದ ಗೂಟಗಳಿದ್ದವು, ಕೋವಿ ಇರಲಿಲ್ಲ. ಒಂದಕ್ಕೆ ಪುಸ್ತಕದ ಬಟ್ಟೆಚೀಲ ನೇತುಹಾಕಿದ್ದರು, ಇನ್ನೊಂದಕ್ಕೆ ಕೊಡೆ. ಕೋವಿ ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ, ಊರಿಗೆಲ್ಲ ಗೊತ್ತಿದ್ದ ಸಂಗತಿ. ನಾನು ಚಿಕ್ಕವಳಿದ್ದಾಗ, ಗದ್ದೆ ಕಾಯುತ್ತಿದ್ದ ಮೇಷ್ಟ್ರು ಮಬ್ಬುಗತ್ತಲಲ್ಲಿ ತೆನೆ ಅಲುಗಿದ್ದು ಕಂಡು, ಹಂದಿಯೆಂದುಕೊಂಡು ಗುಂಡು ಹೊಡೆದರು. ಸತ್ತದ್ದು ಪಕ್ಕದ ಗದ್ದೆಯ ಮನೆಯ ಮಗ. ನೀರು ಹೋಗುವ ಕಂಡಿ ಮುಚ್ಚಲು ಬಗ್ಗಿದ್ದನಂತೆ... ಕೋರ್ಟು ಆಕಸ್ಮಿಕ ಎಂದು ಬಿಟ್ಟಿತು. ಮೇಷ್ಟ್ರು ಮಾತ್ರ ಆ ಗದ್ದೆಗೆ ಮತ್ತೆ ಇಳಿಯಲಿಲ್ಲ.

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಶೀಲ್ಡ್ ತಂದ ವರ್ಷ ಅವರು ನನ್ನನ್ನು ಓದಲು ಕರೆದರು. ಕ್ರಮ ಅವರದೇ: ಈಚಿನ ಕಾದಂಬರಿಯೊಂದರ ಒಂದು ಅಧ್ಯಾಯ, ಹಿಂದೆಯೇ ಇಚ್ಛಾಸ್ವಾತಂತ್ರ್ಯದ ಬಗ್ಗೆ ತತ್ವಶಾಸ್ತ್ರದ ಕೆಲವು ಪುಟ. ಬರೀ ತತ್ವ ಓದಿದರೆ ಮನುಷ್ಯ ಕಾಣುವುದಿಲ್ಲ, ಬರೀ ಕಾದಂಬರಿ ಓದಿದರೆ ಅತ್ತು ಎದ್ದುಹೋಗುತ್ತೇವೆ ಎನ್ನುತ್ತಿದ್ದರು. ಆ ಸಲದ ಕಾದಂಬರಿಯಲ್ಲಿ ಒಬ್ಬಳು ನರ್ಸ್ ದಣಿವಿನಲ್ಲಿ ಔಷಧಿ ಬಾಟಲಿ ಅದಲುಬದಲು ಮಾಡಿಬಿಡುತ್ತಾಳೆ, ರೋಗಿ ಸಾಯುತ್ತಾನೆ. ನನಗೆ ಅನುಮಾನವೇ ಇರಲಿಲ್ಲ. ಅವಳ ದಣಿವಿಗೆ ಒಂದು ಕಾರಣ, ಆ ಕಾರಣಕ್ಕೆ ಇನ್ನೊಂದು. ಹೀಗೆ ಹಿಂದಕ್ಕೆ ಹೋಗುತ್ತ ಹೋದರೆ ತಪ್ಪು ಎಂಬುದು ಯಾರ ಕೈಗೂ ಅಂಟುವುದಿಲ್ಲ ಎಂದು ವಾದಿಸಿದೆ.

"ಮತ್ತೆ ಅವಳು ಯಾಕೆ ಅಳೋದು?"

"ಅಳೋದಕ್ಕೂ ಕಾರಣ ಉಂಟಲ್ಲ ಸಾರ್!"

"ನಿನಗೆ ಬಾಯಿ ಕೊಟ್ಟವರು ಬ್ರೇಕ್ ಕೊಡೋದು ಮರೆತಿದ್ದಾರೆ" ಎಂದು ನಕ್ಕರು. ಅವರು ಯಾರ ಕೇಸನ್ನು ನಡೆಸುತ್ತಿದ್ದಾರೆಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹುತ್ತರಿ ಹತ್ತಿರ ಬಂತು. ಹೊಸ ಭತ್ತದ ಕದಿರು ಕೊಯ್ಯುವ ಹಬ್ಬ. ಕೊಯ್ಯುವ ಮೊದಲು ಆಕಾಶಕ್ಕೆ ಒಂದು ಗುಂಡು ಹಾರಿಸುವುದು ನಮ್ಮಲ್ಲಿ ವಾಡಿಕೆ. ಹಿಂದೆ ಮೇಷ್ಟ್ರ ಮನೆಯವರೂ ಪಕ್ಕದ ಗದ್ದೆಯ ಮನೆಯವರೂ ಒಂದೇ ಗದ್ದೆಯಲ್ಲಿ ಕದಿರು ತೆಗೆಯುತ್ತಿದ್ದರು. ಆ ಸಲ, ಸತ್ತ ಹುಡುಗನ ತಾಯಿ ನಮ್ಮಮ್ಮನ ಕೈಯಲ್ಲಿ ಹೇಳಿಕಳಿಸಿದರು: ಮೇಷ್ಟ್ರು ಈ ವರ್ಷ ಬರಲಿ.

ಸುದ್ದಿ ಮುಟ್ಟಿಸಿದ್ದು ನಾನೇ. ಮೇಷ್ಟ್ರು ಚೀಲದಿಂದ ಪುಸ್ತಕ ತೆಗೆಯಲಿಲ್ಲ. "ಹೋಗೋದಾ ಬೇಡ್ವಾ, ವಾದ ಮಾಡು" ಎಂದರು. ಅಭ್ಯಾಸಬಲದಿಂದ ಶುರುಮಾಡಿದೆ: ಬೆಳಕು ಇರಲಿಲ್ಲ, ಎಲ್ಲರೂ ಹಾಗೇ ಹೊಡೆಯುತ್ತಾರೆ, ಆ ಕ್ಷಣ ನಿಮ್ಮ ಕೈಯಲ್ಲಿರಲಿಲ್ಲ...

"ನನ್ನ ಕೈಯಲ್ಲಿ ಇರಲಿಲ್ಲ ಅಂದ್ರೆ ಅವರ ಮುಂದೆ ನಿಂತು ಎಂತ ಹೇಳಲಿ? ನಾನು ಮಾಡಿದ್ದಲ್ಲ ಅಂತಲಾ?"

ಗೆದ್ದರೆ ಏನಾಗಿಬಿಡುತ್ತದೋ ಎಂದು ನಾನು ಹೆದರಿದ್ದು ಅದೇ ಮೊದಲು. ಗೆದ್ದರೆ ಈ ಮನುಷ್ಯನಿಗೆ ಕ್ಷಮೆ ಕೇಳಲೂ ಬಾಯಿ ಉಳಿಯುವುದಿಲ್ಲ. ಸೋತರೆ ಅವರು ಕೊಲೆಗಾರ. ಮೇಷ್ಟ್ರು ಗೋಡೆಯ ಗೂಟ ನೋಡುತ್ತ ಮೆಲ್ಲಗೆ ಹೇಳಿದರು: ಗುಂಡು ಹೊಡೆಯುವ ಮೊದಲು ಗದ್ದೆಯ ಕಡೆ ಕೂ ಹಾಕಬೇಕು, ಮನುಷ್ಯರಿದ್ದರೆ ತಿರುಗಿ ಕೂ ಹಾಕುತ್ತಾರೆ. ಅವರ ಅಪ್ಪ ಕಲಿಸಿದ್ದೇ ಅದು.

"ನಾನು ಹಾಕಲಿಲ್ಲ. ಹಾಕಿದ್ರೆ ಹಂದಿ ಓಡ್ತಿತ್ತು. ಹಾಕೋದಾ ಬೇಡ್ವಾ ಅಂತ ಯೋಚನೆ ಬಂದಿತ್ತು, ಬೇಡ ಅಂದ್ಕೊಂಡೆ. ಅಷ್ಟು ನನ್ನದು. ಅದನ್ನ ನೀನು ವಾದ ಮಾಡಿ ಕಿತ್ಕೋಬೇಡ."

ಹುತ್ತರಿಯ ದಿನ ಅವರು ಹೋದರು. ಅಮ್ಮನ ಜೊತೆ ನಾನೂ ಹಿಂದೆಯೇ ಹೋದೆ. ದೇವರನ್ನು ನಂಬದವಳು, ದಾರಿಯುದ್ದಕ್ಕೂ ಯಾರಲ್ಲೋ ಏನನ್ನೋ ಬೇಡಿಕೊಳ್ಳುತ್ತಿದ್ದೆ. ಗದ್ದೆಯ ಬದುವಿನಲ್ಲಿ ಆ ತಾಯಿ ನಿಂತಿದ್ದರು, ಪಕ್ಕದಲ್ಲಿ ಅವರ ಮೈದುನ ಕೋವಿ ಹಿಡಿದುಕೊಂಡು. ಮೇಷ್ಟ್ರು ಚಪ್ಪಲಿ ಬಿಟ್ಟು ಅವರೆದುರು ನಿಂತರು.

"ಅಕ್ಕಾ, ಅವತ್ತು ನಾನು ಕೂ ಹಾಕಲಿಲ್ಲ."

ಕೋರ್ಟಿನಲ್ಲೂ ಹೇಳದೆ ಉಳಿದಿದ್ದ ಮಾತು. ಮೈದುನನ ಬೆರಳು ಎಲ್ಲಿದೆಯೆಂದೇ ನಾನು ನೋಡುತ್ತಿದ್ದೆ. ಆ ತಾಯಿ ಕೈಚಾಚಿ ಕೋವಿಯ ನಳಿಗೆಯನ್ನು ಕೆಳಕ್ಕೆ ತಗ್ಗಿಸಿದರು.

"ಈ ಸಲ ಗುಂಡು ಬೇಡ. ಈಗ ಹಾಕಿ ಮೇಷ್ಟ್ರೇ."

ಮೇಷ್ಟ್ರು ಕೂ ಹಾಕಿದರು. ಮೊದಲ ಸಲ ಗಾಳಿ ಮಾತ್ರ ಹೊರಟಿತು. ಎರಡನೆಯದು ಕಾಫಿತೋಟ ದಾಟಿ ಗುಡ್ಡಕ್ಕೆ ಬಡಿಯಿತು. ತಿರುಗಿ ಯಾರೂ ಕೂ ಹಾಕಲಿಲ್ಲ. ಆ ತಾಯಿ ಕುಡುಗೋಲು ತೆಗೆದುಕೊಂಡು ಬಗ್ಗಿದರು. ಅವರ ಮುಖ ಸ್ವಲ್ಪವೂ ಸಡಿಲವಾಗಿರಲಿಲ್ಲ. ಅವರು ಕೊಟ್ಟದ್ದು ಕ್ಷಮೆಯೆಂದು ಅಮ್ಮ ಈಗಲೂ ಹೇಳುತ್ತಾಳೆ. ನಾನು ಒಪ್ಪಿಲ್ಲ, ಒಪ್ಪದಿರಲು ಸರಿಯಾದ ವಾದವೂ ನನ್ನ ಹತ್ತಿರ ಇಲ್ಲ.

ಮುಂದಿನ ಹುತ್ತರಿಗೆ ಮೇಷ್ಟ್ರು ಇರಲಿಲ್ಲ. ನರ್ಸಿನ ಕಥೆಯ ಕೊನೆಯ ಅಧ್ಯಾಯ ನಾವು ಓದಿ ಮುಗಿಸಲೇ ಇಲ್ಲ... ಬಟ್ಟೆಚೀಲ ಈಗ ನಮ್ಮ ಮನೆಯಲ್ಲಿದೆ.

ಮೊನ್ನೆ ಮದ್ದಿನ ವಾಸನೆ ಬಂದಾಗ ನಾನು ಎರಡನೆಯ ಗುಂಡಿಗೆ ಕಾಯುತ್ತ ಕೂತಿದ್ದೆ. ಮೊದಲ ಗುಂಡಿಗೆ ಮುಂಚೆ ಯಾರಾದರೂ ಕೂ ಹಾಕಿದ್ದರೇ? ಓದುತ್ತಿದ್ದವಳಿಗೆ ನೆನಪಿಲ್ಲ. ಕಿಟಕಿಗೆ ಹೋಗಿ, ಗಂಟಲು ಹರಿಯುವಂತೆ ನಾನೇ ಕೂ ಹಾಕಿದೆ.

ಕೆಳಗಿನಿಂದ ಯಾರೋ ರೇಗಿದರು: "ಯಾರದು ಮಾರಾಯ್ತಿ! ಹಂದಿ ಓಡಿಹೋಯ್ತಲ್ಲ!"

ಎದುರುಮನೆಯ ದೀಪ ಹತ್ತಿರಲಿಲ್ಲ.